ಪೆನ್ಸಿಲ್ ಚಿತ್ರಕ್ಕೆ ಇಂಕ್ ಹಾಕುವುದು: ಕಾಗದದ ಮೇಲೆ ಹೇಗೆ, ಸ್ಕ್ರೀನ್ ಮೇಲೆ ಹೇಗೆ

ಪೆನ್ಸಿಲ್‌ನಲ್ಲಿ ಇದ್ದಾಗ ಚಿತ್ರ ಚೆನ್ನಾಗಿತ್ತು, ಇಂಕ್ ಹಾಕಿದ ಮೇಲೆ ಸಪ್ಪೆಯಾಯಿತು. ಚಿತ್ರ ಬಿಡಿಸುವವರೆಲ್ಲ ಒಂದಲ್ಲ ಒಂದು ದಿನ ಹೀಗೆ ಗೊಣಗಿಕೊಂಡವರೇ. ಆಗ ಮೊದಲು ಬೈಸಿಕೊಳ್ಳುವುದು ಪೆನ್ನು, ಆಮೇಲೆ ಸಾಫ್ಟ್‌ವೇರು. ಪಾಪ, ಅವುಗಳ ತಪ್ಪು ಅದರಲ್ಲಿ ತೀರಾ ಕಮ್ಮಿ.

ಪೆನ್ಸಿಲ್ ಚಿತ್ರವನ್ನು ಹತ್ತಿರದಿಂದ ನೋಡಿ. ಒಂದು ಕೆನ್ನೆಗೆ ನಾಲ್ಕೈದು ಗೆರೆಗಳು ಒಂದರ ಪಕ್ಕ ಒಂದು ಬಿದ್ದಿರುತ್ತವೆ. ನೋಡುವವರ ಕಣ್ಣು ಅವುಗಳಲ್ಲಿ ಚೆಂದದ್ದನ್ನು ತಾನೇ ಆರಿಸಿಕೊಳ್ಳುತ್ತದೆ. ಇಂಕ್‌ನಲ್ಲಿ ಆ ಸೌಕರ್ಯ ಇಲ್ಲ. ಉಳಿಯುವುದು ಒಂದೇ ಗೆರೆ, ಅದು ಯಾವುದು ಅಂತ ನೀವೇ ತೀರ್ಮಾನಿಸಬೇಕು. ಕಾಗದದ ಮೇಲಾದರೆ ಆ ತೀರ್ಮಾನ ಗೆರೆ ಎಳೆಯುವ ಮುಂಚೆಯೇ ಆಗಿರಬೇಕು. ಸ್ಕ್ರೀನ್ ಮೇಲೆ ಎಳೆದದ್ದನ್ನು ವಾಪಸ್ ತೆಗೆಯುವ ಅನ್‌ಡೂ ಇದೆ. ಹಾಗಾಗಿ ಎಳೆದ ಮೇಲೂ ಅದನ್ನು ಮುಂದಕ್ಕೆ ಹಾಕುತ್ತಾ ಹೋಗಬಹುದು. ಎರಡೂ ವಿಧಾನಗಳ ಲಾಭ, ತೊಂದರೆ ಬಹುಪಾಲು ಹುಟ್ಟುವುದು ಇಲ್ಲಿಂದಲೇ.

ಮೊದಲ ಹಂತ: ಪೆನ್ಸಿಲ್ ಚಿತ್ರವನ್ನು ಸಿದ್ಧ ಮಾಡಿ

ಈ ಕೆಲಸ ಎರಡಕ್ಕೂ ಒಂದೇ. ಹಿಟ್ಟಿನ ಹಾಗೆ ನಾದಬಹುದಾದ ಮೆತ್ತನೆಯ ರಬ್ಬರ್ ಸಿಗುತ್ತದಲ್ಲ, ಅದನ್ನು ಚಿತ್ರದ ಮೇಲೆ ಒತ್ತಿ ಒತ್ತಿ ತೆಗೆಯಿರಿ. ಉಜ್ಜಬೇಡಿ. ಹೀಗೆ ಒತ್ತಿ ತೆಗೆದರೆ ಪೆನ್ಸಿಲ್‌ನ ಪುಡಿ ಮೇಲೆದ್ದು ಬಂದು ಗೆರೆಗಳು ತಿಳಿಯಾಗುತ್ತವೆ. ಈಗ ನಿಮಗೆ ಬೇಕಾದ ಒಂದು ಗೆರೆಯನ್ನು ಮಾತ್ರ ತಿದ್ದಿ ಸ್ಪಷ್ಟ ಮಾಡಿಕೊಳ್ಳಿ.

ಪೂರ್ತಿ ಕಪ್ಪು ತುಂಬಬೇಕಾದ ಜಾಗದಲ್ಲಿ ಸಣ್ಣ ಗುಣಾಕಾರ ಚಿಹ್ನೆ ಹಾಕಿ. ಕಾಮಿಕ್ಸ್ ಕಲಾವಿದರ ಹಳೆಯ ರೂಢಿ ಇದು. ಅಲ್ಲಿ ಪೆನ್ಸಿಲ್ ಮಾಡುವವರು ಒಬ್ಬರು, ಇಂಕ್ ಹಾಕುವವರು ಇನ್ನೊಬ್ಬರು ಆಗಿರುವುದು ಸಾಮಾನ್ಯ. ಆ ಗುರುತು ನೋಡಿದರೆ ಸಾಕು, ಕೇಳಬೇಕಾಗಿಲ್ಲ. ನಿಮ್ಮ ಚಿತ್ರಕ್ಕೆ ನೀವೇ ಇಂಕ್ ಹಾಕುವಾಗಲೂ ಇದು ಉಪಯೋಗಕ್ಕೆ ಬರುತ್ತದೆ. ಬೆಳಕು ಯಾವ ಕಡೆಯಿಂದ ಬರುತ್ತಿದೆ ಅಂತ ಮೂಲೆಯಲ್ಲಿ ಒಂದು ಬಾಣದ ಗುರುತನ್ನೂ ಹಾಕಿಬಿಡಿ.

ಪೆನ್ಸಿಲ್ ಎಚ್‌ಬಿ ಅಥವಾ ಎಚ್ ಇರಲಿ, ಕೈ ಹಗುರವಾಗಿರಲಿ. ಗಟ್ಟಿಯಾದ 2ಎಚ್, 4ಎಚ್ ಒತ್ತಿ ಬರೆದರೆ ಕಾಗದದಲ್ಲಿ ಹಳ್ಳ ಬಿದ್ದು ಇಂಕ್ ಅದರೊಳಗೆ ಹರಿಯುತ್ತದೆ. ಮೆತ್ತನೆಯ 4ಬಿ, 6ಬಿ ಬಳಸಿದರೆ ಗ್ರಾಫೈಟ್ ಜಾಸ್ತಿಯಾಗಿ ಇಂಕ್ ಕಾಗದಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ತಿಳಿನೀಲಿ ಪೆನ್ಸಿಲ್ ಇನ್ನೂ ಒಳ್ಳೆಯದು. ಹಿಂದೆ ಮುದ್ರಣಕ್ಕೆ ಬಳಸುತ್ತಿದ್ದ ಕ್ಯಾಮೆರಾ ಫಿಲ್ಮ್‌ಗೆ ತಿಳಿನೀಲಿ ಕಾಣುತ್ತಲೇ ಇರಲಿಲ್ಲ, ಅದಕ್ಕೇ ಅದನ್ನು ಅಳಿಸುವ ಗೋಜೇ ಇರಲಿಲ್ಲ. ಇವತ್ತು ಸ್ಕ್ಯಾನ್ ಮಾಡುವವರಿಗೂ ಅದರಿಂದ ಅನುಕೂಲ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಎರಡನೇ ಹಂತ: ದಪ್ಪ ಎಲ್ಲಿ, ತೆಳು ಎಲ್ಲಿ

ಜಾಸ್ತಿ ಜನ ಈ ಹಂತವನ್ನು ಹಾರಿಸಿಬಿಡುತ್ತಾರೆ. ನನ್ನ ಪ್ರಕಾರ ಇಂಕಿಂಗ್‌ನ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

ಒಂದು ಮುಖವನ್ನೇ ತೆಗೆದುಕೊಳ್ಳೋಣ. ಕಿವಿಯ ಕೆಳಗಿಂದ ಗದ್ದದವರೆಗೆ ಬರುವ ದವಡೆಯ ಗೆರೆ. ಬೆಳಕು ಮೇಲಿನಿಂದ ಬೀಳುತ್ತಿದೆ. ಕಿವಿಯ ಹತ್ತಿರ ಗೆರೆ ತೆಳುವಾಗಿ ಹುಟ್ಟಬೇಕು. ದವಡೆ ತಿರುಗುವ ಮೂಲೆಯಲ್ಲಿ ಸ್ವಲ್ಪ ದಪ್ಪ. ಗದ್ದದ ಅಡಿಯಲ್ಲಿ ನೆರಳಿರುವುದರಿಂದ ಅತಿ ದಪ್ಪ. ಅಲ್ಲಿಂದ ಮುಂದೆ ಗದ್ದ ಬೆಳಕಿನ ಕಡೆಗೆ ಹೊರಳುವಾಗ ಮತ್ತೆ ತೆಳುವಾಗಿ, ಕೊನೆಗೆ ಮಾಯ. ಇದೇ ಗೆರೆಯನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ದಪ್ಪದಲ್ಲಿ ಎಳೆದು ನೋಡಿ. ಮುಖ ತಂತಿ ಬಗ್ಗಿಸಿ ಮಾಡಿದಂತೆ ಕಾಣುತ್ತದೆ.

ನೆನಪಿಡಬೇಕಾದ ನಿಯಮಗಳು ನಾಲ್ಕೇ. ಆಕೃತಿಯ ಹೊರಗೆರೆ ದಪ್ಪ, ಒಳಗಿನ ವಿವರಗಳು ತೆಳು. ಹತ್ತಿರ ಇರುವುದು ದಪ್ಪ, ದೂರ ಇರುವುದು ತೆಳು. ನೆರಳಿನ ಬದಿ ದಪ್ಪ, ಬೆಳಕಿನ ಬದಿ ತೆಳು. ಒಂದು ವಸ್ತು ಇನ್ನೊಂದರ ಮುಂದೆ ಬರುವ ಕಡೆ, ಮುಂದಿನದರ ಗೆರೆ ದಪ್ಪ. ಇವು ಒಂದಕ್ಕೊಂದು ಅಡ್ಡ ಬಂದಾಗ ಏನು ಮಾಡುವುದು? ದೂರದ ಮನೆಯ ನೆರಳಿನ ಬದಿ ದಪ್ಪವೋ ತೆಳುವೋ? ನಾನಾದರೆ ದೂರಕ್ಕೇ ಮಣೆ ಹಾಕುತ್ತೇನೆ. ಆಳ ಕೆಟ್ಟರೆ ಚಿತ್ರ ಅರ್ಥವಾಗುವುದಿಲ್ಲ, ನೆರಳು ಸ್ವಲ್ಪ ತಪ್ಪಿದರೆ ಯಾರೂ ಗಮನಿಸುವುದಿಲ್ಲ.

ಹಾಗೆಯೇ ಕಪ್ಪು ಜಾಗಗಳ ಲೆಕ್ಕ. ಚಿತ್ರವನ್ನು ಅಂಗೈ ಅಗಲಕ್ಕೆ ಚಿಕ್ಕದು ಮಾಡಿ ಬರೆದುಕೊಂಡು, ಮಾರ್ಕರ್‌ನಿಂದ ಕಪ್ಪು ತುಂಬಿ, ಕಣ್ಣು ಕಿರಿದು ಮಾಡಿ ನೋಡಿ. ನೋಟ ಮೊದಲು ಎಲ್ಲಿಗೆ ಹೋಗುತ್ತದೆ? ಅದು ಮುಖ್ಯ ಜಾಗವೇ ಆಗಿದ್ದರೆ ಮುಂದುವರಿಯಿರಿ. ಇಲ್ಲದಿದ್ದರೆ ಇನ್ನೊಂದು ಪುಟ್ಟ ಚಿತ್ರ ಮಾಡಿ. ಡಿಜಿಟಲ್‌ನಲ್ಲಿ ಆಮೇಲೆ ಬದಲಿಸಬಹುದಲ್ಲ ಅಂತ ಇದನ್ನು ಬಿಡುವವರು ಕೊನೆಗೆ ಗಂಟೆಗಟ್ಟಲೆ ಬದಲಿಸುತ್ತಲೇ ಕೂರುತ್ತಾರೆ.

ಕಾಗದದ ಮೇಲೆ: ಸಾಮಗ್ರಿ

ಕಾಗದ ಅಂದರೆ ನಯವಾದ ಬ್ರಿಸ್ಟಲ್ ಬೋರ್ಡ್, ಚಿತ್ರ ಬಿಡಿಸುವ ದಪ್ಪ ಗಟ್ಟಿ ಕಾಗದ. ನಿಬ್ಬಿಗೆ ತೀರಾ ನಯವಾದದ್ದು ಬೇಕು, ಇಲ್ಲದಿದ್ದರೆ ತುದಿ ನಾರಿಗೆ ಸಿಕ್ಕಿ ಇಂಕ್ ಚಿಮ್ಮುತ್ತದೆ. ಬ್ರಷ್ಷಿಗೆ ಸ್ವಲ್ಪ ತರಿ ಇದ್ದರೂ ನಡೆಯುತ್ತದೆ. ಮಾಮೂಲಿ ಪ್ರಿಂಟರ್ ಕಾಗದದಲ್ಲಿ ಇಂಕ್ ಹರಡುತ್ತದೆ, ಅದರ ಮೇಲೆ ಕಲಿತರೆ ತಪ್ಪು ನಿಮ್ಮದೋ ಕಾಗದದ್ದೋ ಗೊತ್ತಾಗುವುದೇ ಇಲ್ಲ.

ಹೊಸಬರಿಗೆ ಸುಲಭವಾದದ್ದು ಫೈನ್‌ಲೈನರ್, ಅಂದರೆ ಸಣ್ಣ ತುದಿಯ ಪೆನ್ನು. ಸಕುರಾ ಕಂಪನಿಯ ಪಿಗ್ಮಾ ಮೈಕ್ರಾನ್ ಪೆನ್ನುಗಳಲ್ಲಿ 01 ಅಂದರೆ 0.25 ಮಿ.ಮೀ., 05 ಅಂದರೆ 0.45 ಮಿ.ಮೀ. ಸಂಖ್ಯೆ ನೋಡಿ ಮಿಲಿಮೀಟರ್ ಅಂದುಕೊಂಡು ಮೋಸ ಹೋಗಬೇಡಿ. ಇವು ಒತ್ತಿದರೂ ದಪ್ಪ ಆಗುವುದಿಲ್ಲ, ತುದಿ ಸವೆಯುತ್ತದೆ ಅಷ್ಟೇ. ದಪ್ಪ ಬೇಕಾದರೆ ಅದೇ ಗೆರೆಯ ಪಕ್ಕ ಇನ್ನೊಂದು ಎಳೆದು ನಡುವೆ ತುಂಬಬೇಕು. ಕಟ್ಟಡ, ಯಂತ್ರ, ಚೌಕಟ್ಟಿನ ಗೆರೆಗಳಿಗೆ ಇದೇ ವಾಸಿ.

ನಿಬ್ಬಿನದು ಬೇರೆಯೇ ಲೋಕ. ಜಪಾನಿನ ಮಾಂಗಾ (ಅಲ್ಲಿನ ಕಾಮಿಕ್ಸ್) ಕಲಾವಿದರ ಜಿ ನಿಬ್ ಒತ್ತಿದರೆ ಚೆನ್ನಾಗಿ ಅಗಲವಾಗುತ್ತದೆ, ಮಾರು ನಿಬ್ ಕೂದಲೆಳೆಯ ವಿವರಕ್ಕೆ. ಹೊಸ ನಿಬ್ಬಿನ ಮೇಲೆ ತುಕ್ಕು ಹಿಡಿಯದಂತೆ ಎಣ್ಣೆಯ ತೆಳು ಪದರ ಇರುತ್ತದೆ. ಅದನ್ನು ಸ್ಪಿರಿಟ್‌ನಿಂದಲೋ ಟೂತ್‌ಪೇಸ್ಟ್‌ನಿಂದಲೋ ಉಜ್ಜಿ ತೊಳೆಯದೇ ಹೋದರೆ ಇಂಕ್ ಮಣಿಗಟ್ಟಿ ಜಾರುತ್ತದೆ. ಎಷ್ಟೋ ಜನ ಈ ಒಂದೇ ಕಾರಣಕ್ಕೆ "ನಿಬ್ ನಂಗೆ ಆಗಿಬರಲ್ಲ" ಅಂತ ಎತ್ತಿಟ್ಟಿದ್ದಾರೆ.

ಇನ್ನು ಬ್ರಷ್. ಇಂಕಿಂಗ್‌ಗೆ ಹೆಸರಾದದ್ದು ಕೊಲಿನ್ಸ್ಕಿ ಸೇಬಲ್, ಸೈಬೀರಿಯಾದ ವೀಸಲ್ ಪ್ರಾಣಿಯ ಬಾಲದ ಕೂದಲಿನದು. ವಿನ್ಸರ್ ಆ್ಯಂಡ್ ನ್ಯೂಟನ್ ಕಂಪನಿಯ ಸೀರೀಸ್ 7 ಬ್ರಷ್ ಹುಟ್ಟಿದ್ದು 1866ರಲ್ಲಿ, ವಿಕ್ಟೋರಿಯಾ ರಾಣಿಯ ಜಲವರ್ಣಕ್ಕಾಗಿ. ಆಕೆಗೆ ಇಷ್ಟದ ಅಳತೆ 7 ಆಗಿದ್ದರಿಂದ ಆ ಹೆಸರು. ಅದೇ ಆಮೇಲೆ ಕಾಮಿಕ್ಸ್ ಇಂಕರ್‌ಗಳ ಅಚ್ಚುಮೆಚ್ಚಿನ ಬ್ರಷ್ ಆಯಿತು. ನಿಮಗೆ 2ನೇ ನಂಬರು ಸಾಕು. ತುದಿ ಸೂಜಿಯಂತೆ ಕೂಡಿಕೊಳ್ಳಬೇಕು, ಹೊಟ್ಟೆಯಲ್ಲಿ ಇಂಕ್ ಹಿಡಿಯಬೇಕು, ನೋಡಬೇಕಾದದ್ದು ಅಷ್ಟೇ. ಅರ್ಧಕ್ಕಿಂತ ಜಾಸ್ತಿ ಅದ್ದಬೇಡಿ. ಲೋಹದ ಪಟ್ಟಿಯೊಳಗೆ ಇಂಕ್ ಸೇರಿ ಒಣಗಿದರೆ ಕೂದಲು ಕವಲೊಡೆಯುತ್ತದೆ, ಆ ಬ್ರಷ್ ಮತ್ತೆ ಸರಿಹೋಗದು. ಇಷ್ಟು ಆರೈಕೆ ಬೇಡ ಅನ್ನುವವರು ಬ್ರಷ್ ಪೆನ್ನಿಂದ ಶುರು ಮಾಡಬಹುದು.

ಇಂಕ್ ವಾಟರ್‌ಪ್ರೂಫ್ ಇಂಡಿಯಾ ಇಂಕ್ ಇರಲಿ. ಅದರಲ್ಲಿ ಕಾರ್ಬನ್ ಕಪ್ಪು ಮತ್ತು ಅದನ್ನು ಕಾಗದಕ್ಕೆ ಅಂಟಿಸುವ ಶೆಲ್ಯಾಕ್ ಇರುತ್ತದೆ. ಅದೇ ಶೆಲ್ಯಾಕ್ ಫೌಂಟನ್ ಪೆನ್ನೊಳಗೆ ಗಟ್ಟಿಯಾಗಿ ಕೂರುತ್ತದೆ, ಹಾಗಾಗಿ ಈ ಇಂಕನ್ನು ಅದಕ್ಕೆ ತುಂಬಲೇಬೇಡಿ.

ಕಾಗದದ ಮೇಲೆ: ಗೆರೆ ಎಳೆಯುವ ಕ್ರಮ

ಬಲಗೈಯವರು ಮೇಲಿನ ಎಡ ಮೂಲೆಯಿಂದ ಶುರು ಮಾಡಿ, ಎಡಗೈಯವರು ಬಲ ಮೂಲೆಯಿಂದ. ಅಂಗೈ ಕೆಳಗೆ ಒಂದು ಸ್ವಚ್ಛ ಹಾಳೆ ಇರಲಿ. ಹಸಿ ಇಂಕ್ ಒರೆಸಿಹೋಗದಿರಲಿ ಅಂತ ಮಾತ್ರ ಅಲ್ಲ, ಚರ್ಮದ ಜಿಡ್ಡು ತಾಕಿದ ಕಡೆ ಇಂಕ್ ಹಿಡಿಯುವುದಿಲ್ಲ.

ಈಗ ಆ ದವಡೆಯ ಗೆರೆಯನ್ನು ಜಿ ನಿಬ್ಬಿನಲ್ಲಿ ಎಳೆಯೋಣ. ನಿಬ್ಬನ್ನು ಅದರ ನಡುವಿನ ರಂಧ್ರ ಮುಳುಗುವಷ್ಟು ಅದ್ದಿ, ಬಾಟಲಿಯ ಅಂಚಿಗೆ ತಾಗಿಸಿ ಹೆಚ್ಚಿನ ಹನಿ ಇಳಿಸಿ. ಪಕ್ಕದ ಚೂರು ಕಾಗದದ ಮೇಲೆ ಒಂದು ಗೀಟು ಹಾಕಿ ನೋಡಿ. ಕಾಗದವನ್ನು ತಿರುಗಿಸಿ, ಗೆರೆ ನಿಮ್ಮ ಕಡೆಗೆ ಬರುವ ಹಾಗೆ ಇಟ್ಟುಕೊಳ್ಳಿ. ನಿಬ್ಬನ್ನು ಎಳೆಯಬೇಕು, ತಳ್ಳಬಾರದು. ತಳ್ಳಿದರೆ ಸೀಳಿನ ಎರಡು ತುದಿಗಳು ಕಾಗದಕ್ಕೆ ಚುಚ್ಚಿಕೊಳ್ಳುತ್ತವೆ. ನಿಬ್ ತಾಗಿಸದೇ ಗಾಳಿಯಲ್ಲೇ ಒಂದೆರಡು ಸಲ ಆ ದಾರಿಯಲ್ಲಿ ಕೈ ಓಡಿಸಿ. ಆಮೇಲೆ ತಾಗಿಸಿ. ಕಿವಿಯ ಹತ್ತಿರ ಭಾರವೇ ಇಲ್ಲ. ಮೂಲೆಗೆ ಬರುತ್ತಾ ತೋರುಬೆರಳಿಂದ ಒತ್ತಡ ಕೊಟ್ಟರೆ ಸೀಳು ಬಾಯಿ ಬಿಟ್ಟು ಗೆರೆ ಅಗಲವಾಗುವುದು ಕಣ್ಣಿಗೇ ಕಾಣುತ್ತದೆ. ಗದ್ದದ ಅಡಿಗೆ ಬಂದಾಗ ವೇಗ ಕಮ್ಮಿ ಮಾಡಬೇಡಿ. ನಿಧಾನ ಮಾಡಿದಷ್ಟೂ ಕೈ ನಡುಗುತ್ತದೆ. ಕೊನೆಯಲ್ಲಿ ನಿಲ್ಲಿಸಿ ಎತ್ತುವ ಬದಲು, ಕೈ ಓಡುತ್ತಿರುವಾಗಲೇ ಮೇಲೆತ್ತಿ. ತುದಿ ಚೂಪಾಗಿ ಮುಗಿಯುತ್ತದೆ. ಕಣ್ಣು ನಿಬ್ಬಿನ ಮೇಲಿರಬಾರದು, ಗೆರೆ ತಲುಪಬೇಕಾದ ಜಾಗದ ಮೇಲಿರಬೇಕು.

ಚಿಕ್ಕ ಗೆರೆಗೆ ಬೆರಳು ಮತ್ತು ಮಣಿಕಟ್ಟು, ಉದ್ದ ಗೆರೆಗೆ ಮೊಣಕೈ, ಇನ್ನೂ ಉದ್ದಕ್ಕೆ ಭುಜ. ಮಣಿಕಟ್ಟಿನಿಂದಲೇ ಉದ್ದ ಬಾಗು ಎಳೆಯಲು ಹೋದರೆ ಅದು ನಡುವೆ ಮುರಿಯುತ್ತದೆ. ಸ್ಕೇಲ್ ಬಳಸುವಾಗ ಅದರ ಇಳಿಜಾರು ಅಂಚು ಕಾಗದದ ಕಡೆಗೆ ಬರುವಂತೆ ತಿರುವಿಡಿ. ಆಗ ಅಂಚಿಗೂ ಕಾಗದಕ್ಕೂ ನಡುವೆ ಸಂದು ಉಳಿದು ಇಂಕ್ ಒಳಗೆ ನುಗ್ಗುವುದಿಲ್ಲ.

ಮೊದಲು ಮುಖ್ಯ ಹೊರಗೆರೆ, ಆಮೇಲೆ ಒಳ ವಿವರ, ಆಮೇಲೆ ನೆರಳಿನ ಗೀಟುಗಳು, ಕಡೆಗೆ ದೊಡ್ಡ ಕಪ್ಪುಗಳು. ಕಪ್ಪನ್ನು ಮೊದಲೇ ತುಂಬುವವರೂ ಇದ್ದಾರೆ, ಚಿತ್ರದ ತೂಕ ಬೇಗ ಗೊತ್ತಾಗುತ್ತದೆ ಅಂತ. ಅದೂ ಸರಿಯೇ, ಆದರೆ ಒಣಗುವವರೆಗೆ ಕಾಯುವ ತಾಳ್ಮೆ ಬೇಕು.

ರಬ್ಬರ್ ಹಾಕುವ ಆತುರದಲ್ಲಿ ಒಳ್ಳೆಯ ಚಿತ್ರಗಳು ಹಾಳಾಗುತ್ತವೆ. ತೆಳು ಗೆರೆ ಒಣಗಿದ್ದರೂ ದಟ್ಟ ಕಪ್ಪು ಒಳಗೆ ಹಸಿ ಇರಬಹುದು. ಒಂದು ರಾತ್ರಿ ಬಿಟ್ಟರೆ ನಿಶ್ಚಿಂತೆ. ಉಜ್ಜಿದಾಗ ಕಪ್ಪು ಸ್ವಲ್ಪ ಬೂದಾಗುವುದು ಸಹಜ, ಮತ್ತೊಂದು ಕೈ ಇಂಕ್ ಕೊಡಿ. ತಪ್ಪಿದ ಗೆರೆಗೆ ಬಿಳಿ ಗ್ವಾಷ್ (ಕೆಳಗಿನದನ್ನು ಮುಚ್ಚುವ ಜಲವರ್ಣ) ಅಥವಾ ಬಿಳಿ ಜೆಲ್ ಪೆನ್ ಸಾಕು. ಗ್ವಾಷ್ ತೆಳುವಾಗಿ ಎರಡು ಸಲ ಹಚ್ಚಿ, ಒಂದೇ ಸಲ ದಪ್ಪಗೆ ಹಚ್ಚಿದರೆ ಬಿರುಕು ಬಿಡುತ್ತದೆ.

ಸ್ಕ್ರೀನ್ ಮೇಲೆ: ಚಿತ್ರವನ್ನು ಒಳಗೆ ತರುವುದು

ಸ್ಕ್ಯಾನರ್ ಇದ್ದರೆ ಗ್ರೇಸ್ಕೇಲ್, ಕನಿಷ್ಠ 300 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕೆ ಅನ್ನುವ ಲೆಕ್ಕ). ಮುದ್ರಣಕ್ಕೆ ಹೋಗುವ ಕಪ್ಪು-ಬಿಳುಪು ಗೆರೆಚಿತ್ರವಾದರೆ ಕ್ಯಾನ್ವಾಸ್ 600 ಡಿಪಿಐ ಇರಲಿ. ಎ4 ಅಳತೆಗೆ ಅದು ಸುಮಾರು 4960 × 7016 ಪಿಕ್ಸೆಲ್ ಆಗುತ್ತದೆ. ಹಳೆಯ ಟ್ಯಾಬ್ಲೆಟ್‌ನಲ್ಲಿ ಇಷ್ಟು ದೊಡ್ಡ ಫೈಲಿಗೆ ಲೇಯರ್‌ಗಳು (ಒಂದರ ಮೇಲೊಂದು ಜೋಡಿಸುವ ಪದರಗಳು) ಕಮ್ಮಿ ಸಿಗುತ್ತವೆ, ಪೆನ್ನಿನ ಹಿಂದೆ ಗೆರೆ ತಡವಾಗಿ ಬರುತ್ತದೆ. ಹಾಗಾದರೆ 400ಕ್ಕೆ ಇಳಿಸಿ. ಸ್ಕ್ಯಾನರ್ ಇಲ್ಲದಿದ್ದರೆ ಕಿಟಕಿಯ ಬೆಳಕಿನಲ್ಲಿ, ಫೋನನ್ನು ಕಾಗದಕ್ಕೆ ನೇರ ಮೇಲೆ ಸಮತಟ್ಟಾಗಿ ಹಿಡಿದು ಫೋಟೋ ತೆಗೆಯಿರಿ. ತೀರಾ ಹತ್ತಿರ ಹೋದರೆ ಅಂಚುಗಳು ಬಾಗುತ್ತವೆ. ದೂರದಿಂದ ತೆಗೆದು ಕತ್ತರಿಸಿಕೊಳ್ಳಿ.

ಈ ಫೋಟೋವನ್ನು ಫಳಫಳ ಅನ್ನುವಷ್ಟು ಸ್ವಚ್ಛ ಮಾಡುತ್ತಾ ಕೂರಬೇಡಿ. ಅದು ಬರೀ ದಾರಿ ತೋರಿಸಲಿಕ್ಕೆ, ಕೊನೆಗೆ ಮರೆಯಾಗಿಬಿಡುತ್ತದೆ.

ಲೇಯರ್‌ಗಳನ್ನು ಹೀಗೆ ಜೋಡಿಸಿ. ಅಡಿಯಲ್ಲಿ ಬಿಳಿ, ಅದರ ಮೇಲೆ ಪೆನ್ಸಿಲ್, ಅದರ ಮೇಲೆ ತಿಳಿನೀಲಿ ತುಂಬಿದ ಲೇಯರ್ ಒಂದನ್ನು 'ಸ್ಕ್ರೀನ್' ಅನ್ನುವ ಬ್ಲೆಂಡ್ ಮೋಡ್‌ನಲ್ಲಿ (ಮೇಲಿನ ಪದರ ಕೆಳಗಿನದರ ಜೊತೆ ಬೆರೆಯುವ ರೀತಿ) ಇಡಿ. ಪೆನ್ಸಿಲ್ ಗೆರೆಗಳೆಲ್ಲ ನೀಲಿಯಾಗುತ್ತವೆ, ಬಿಳಿ ಬಿಳಿಯಾಗಿಯೇ ಉಳಿಯುತ್ತದೆ. ಪೆನ್ಸಿಲ್ ಲೇಯರಿನ ಒಪಾಸಿಟಿ (ಎಷ್ಟು ದಟ್ಟವಾಗಿ ಕಾಣಬೇಕು ಅನ್ನುವ ಅಳತೆ) 30 ಪ್ರತಿಶತದ ಸುತ್ತ ಇರಲಿ, ಲಾಕ್ ಮಾಡಿ. ಎಲ್ಲದರ ಮೇಲೆ ಇಂಕ್ ಲೇಯರ್. ನೀಲಿ ಯಾಕೆ ಅಂದರೆ, ಬೂದು ಪೆನ್ಸಿಲ್ ಮೇಲೆ ಕಪ್ಪು ಎಳೆದಾಗ ನೀವು ಎಳೆದದ್ದು ಎಷ್ಟು, ಕೆಳಗಿದ್ದದ್ದು ಎಷ್ಟು ಅಂತ ಕಣ್ಣಿಗೆ ತಿಳಿಯುವುದಿಲ್ಲ. ಆಗಾಗ ಪೆನ್ಸಿಲ್ ಲೇಯರ್ ಮರೆಮಾಡಿ ಇಂಕ್ ಮಾತ್ರ ನೋಡಿ. ಬೆಚ್ಚಿಬೀಳಬೇಡಿ.

ಸ್ಕ್ರೀನ್ ಮೇಲೆ: ಇಂಕ್ ಮಾಡುವುದು

ಸಾಫ್ಟ್‌ವೇರ್ ವಿಚಾರದಲ್ಲಿ ಜಗಳ ಬೇಡ. ಕೃತಾ ಉಚಿತ, ಮುಕ್ತ ತಂತ್ರಾಂಶ, ಅದರ ಇಂಕ್ ಬ್ರಷ್‌ಗಳು ಯಾವುದಕ್ಕೂ ಕಮ್ಮಿ ಇಲ್ಲ. ಐಪ್ಯಾಡ್ ಇದ್ದವರಿಗೆ ಪ್ರೊಕ್ರಿಯೇಟ್. ಕಾಮಿಕ್ಸ್ ಜಾಸ್ತಿ ಮಾಡುವವರಿಗೆ ಕ್ಲಿಪ್ ಸ್ಟುಡಿಯೋ ಪೇಂಟ್. ಅದರ ವೆಕ್ಟರ್ ಲೇಯರಿನಲ್ಲಿ ಎಳೆದ ಗೆರೆಯ ದಪ್ಪವನ್ನು ಆಮೇಲೂ ಬದಲಿಸಬಹುದು. ಎರಡು ಗೆರೆ ದಾಟಿ ಹೊರಗೆ ಉಳಿದ ಬಾಲವನ್ನು ಕೂಡುವ ಜಾಗದವರೆಗೆ ಒಂದೇ ಸಲಕ್ಕೆ ಅಳಿಸಬಹುದು. ಕೂದಲು ಬಿಡಿಸುವಾಗ ಇದು ವರವೇ ಸರಿ.

ಮೊದಲು ಪೆನ್ನಿನ ಒತ್ತಡ ಹೊಂದಿಸಿ. ಸುಮ್ನೆ ತಾಗಿಸಿದರೂ ಗೆರೆ ಪೂರ್ತಿ ದಪ್ಪವಾಗುತ್ತಿದ್ದರೆ, ಜಾಸ್ತಿ ಒತ್ತಿದಾಗ ಮಾತ್ರ ದಪ್ಪವಾಗುವಂತೆ ಪ್ರೆಷರ್ ಕರ್ವ್ ಬಗ್ಗಿಸಿ. ಸ್ಕ್ರೀನ್ ಇಲ್ಲದ ಟ್ಯಾಬ್ಲೆಟ್ ಆದರೆ ಅದರ ಅಗಲ-ಎತ್ತರದ ಅನುಪಾತ ಮಾನಿಟರಿಗೆ ಹೊಂದುವಂತೆ ಸೆಟ್ಟಿಂಗ್ ಮಾಡಿಕೊಳ್ಳಿ. ಇಲ್ಲದಿದ್ದರೆ ನೀವು ಸುತ್ತಿದ ವೃತ್ತ ಅಲ್ಲಿ ಮೊಟ್ಟೆಯಾಗುತ್ತದೆ.

ಬ್ರಷ್‌ಗಳ ಪಟ್ಟಿ ನೋಡಿ ಮರುಳಾಗಬೇಡಿ. ಒಂದೇ ಬ್ರಷ್, ಮೂರೇ ಅಳತೆ: ಹೊರಗೆರೆಗೆ, ಒಳಗಿನದಕ್ಕೆ, ಗೀಟುಗಳಿಗೆ. ಪೂರ್ತಿ ಪುಟಕ್ಕೆ ಅಷ್ಟೇ. ಅಳತೆ ಮನಸ್ಸಿಗೆ ಬಂದಂತೆ ಬದಲಾದರೆ ಚಿತ್ರದ ಒಂದು ಮೂಲೆ ಒಬ್ಬರು, ಇನ್ನೊಂದು ಮೂಲೆ ಬೇರೊಬ್ಬರು ಮಾಡಿದಂತೆ ಕಾಣುತ್ತದೆ.

ಸ್ಟೆಬಿಲೈಜರ್ ಅಂತ ಒಂದಿದೆ, ಪ್ರೊಕ್ರಿಯೇಟ್‌ನಲ್ಲಿ ಸ್ಟ್ರೀಮ್‌ಲೈನ್ ಅನ್ನುತ್ತಾರೆ. ಕೈ ನಡುಕವನ್ನು ಸರಾಸರಿ ಮಾಡಿ ಗೆರೆಯನ್ನು ನಯಗೊಳಿಸುತ್ತದೆ. ಉದ್ದ ಬಾಗಿಗೆ ಮಧ್ಯಮ ಮಟ್ಟದಲ್ಲಿ ಇಡಿ. ಸಣ್ಣ ಗೀಟುಗಳಿಗೆ, ಬಟ್ಟೆಯ ಮಡಿಕೆಗೆ ತೀರಾ ಕಮ್ಮಿ ಅಥವಾ ಸೊನ್ನೆ. ಪೂರ್ತಿ ಏರಿಸಿಟ್ಟರೆ ಚೂಪಾದ ಮೂಲೆಗಳು ದುಂಡಗಾಗುತ್ತವೆ, ಮೊಣಕೈ, ಮೂಗು, ಕಲ್ಲು ಎಲ್ಲವೂ ರಬ್ಬರಿನ ಟ್ಯೂಬ್ ಆಗುತ್ತವೆ. ಡಿಜಿಟಲ್ ಇಂಕಿಂಗ್ ನಿರ್ಜೀವ ಅನ್ನುವವರು ನಿಜವಾಗಿ ಬೈಯುತ್ತಿರುವುದು ಬಹುಶಃ ಇದನ್ನೇ.

ಎರಡನೇ ಬಲೆ ಜೂಮ್. ಕಣ್ರೆಪ್ಪೆಯನ್ನು 400 ಪ್ರತಿಶತಕ್ಕೆ ಹಿಗ್ಗಿಸಿ ಒಂದೊಂದಾಗಿ ಬಿಡಿಸುತ್ತೀರಿ. ಮುದ್ರಣದಲ್ಲಿ ಅದು ಒಂದು ಕಪ್ಪು ಚುಕ್ಕೆ. ಮುದ್ರಣದ ಅಳತೆಯಲ್ಲಿ ಇಡೀ ಚಿತ್ರ ಕಾಣುವ ಇನ್ನೊಂದು ಕಿಟಕಿಯನ್ನು ಪಕ್ಕದಲ್ಲಿ ಯಾವಾಗಲೂ ತೆರೆದಿಡಿ. ಅಲ್ಲಿ ಕಾಣದ ವಿವರವನ್ನು ಬಿಡಿಸಬೇಕಾಗಿಲ್ಲ.

ಮೂರನೆಯದು ಅನ್‌ಡೂ. ಒಂದೇ ಗೆರೆಯನ್ನು ಎಳೆದು ಅಳಿಸಿ, ಎಳೆದು ಅಳಿಸಿ, ಕೊನೆಗೆ ಉಳಿಯುವುದು ಸುಸ್ತಾದ ಗೆರೆ. ನನ್ನ ಸಲಹೆ ಇಷ್ಟೇ: ಒಂದು ಗೆರೆಗೆ ಮೂರು ಅವಕಾಶ. ಮೂರರಲ್ಲೂ ಬರದಿದ್ದರೆ ಕೈಯ ದೋಷವಲ್ಲ, ಗೆರೆ ಎಲ್ಲಿಗೆ ಹೋಗಬೇಕು ಅಂತ ಇನ್ನೂ ನಿಶ್ಚಯ ಆಗಿಲ್ಲ. ಪೆನ್ಸಿಲ್ ಲೇಯರಿಗೆ ವಾಪಸ್ ಹೋಗಿ ಅಲ್ಲಿ ತಿದ್ದಿಕೊಂಡು ಬನ್ನಿ.

ಕಪ್ಪು ತುಂಬಲು ಫಿಲ್ ಟೂಲ್ ಬಳಸಿ, ಒಂದೆರಡು ಪಿಕ್ಸೆಲ್ ಹಿಗ್ಗುವಂತೆ ಇಡಿ. ಇಲ್ಲದಿದ್ದರೆ ಗೆರೆಗೂ ಕಪ್ಪಿಗೂ ನಡುವೆ ಬಿಳಿ ದಾರ ಉಳಿಯುತ್ತದೆ. ನಡುನಡುವೆ ಕ್ಯಾನ್ವಾಸನ್ನು ಕನ್ನಡಿಯಲ್ಲಿ ನೋಡಿದಂತೆ ತಿರುಗಿಸಿದರೆ ಸೊಟ್ಟ ಕಣ್ಣುಗಳು ತಕ್ಷಣ ಸಿಕ್ಕಿಬೀಳುತ್ತವೆ. ಉಳಿಸುವಾಗ ಲೇಯರ್ ಇರುವ ಮೂಲ ಫೈಲ್ ಒಂದು, ಪಿಎನ್‌ಜಿ ಅಥವಾ ಟಿಫ್ ಒಂದು. ಜೆಪೆಗ್ ಬೇಡ, ಕಪ್ಪು ಗೆರೆಯ ಸುತ್ತ ಬೂದು ಕಲೆಗಳನ್ನು ಬಿಡುತ್ತದೆ.

ಎರಡನ್ನೂ ಬೆರೆಸುವ ದಾರಿ

ನನಗೆ ತುಂಬ ಇಷ್ಟವಾದದ್ದು ಇದು. ಪೆನ್ಸಿಲ್ ಚಿತ್ರವನ್ನು ಸ್ಕ್ಯಾನ್ ಮಾಡಿ, ತಿಳಿನೀಲಿಗೆ ಬದಲಿಸಿ, ಬ್ರಿಸ್ಟಲ್ ಹಾಳೆಯ ಮೇಲೆ ಇಂಕ್‌ಜೆಟ್ ಪ್ರಿಂಟರಿನಲ್ಲಿ ಪ್ರಿಂಟ್ ಮಾಡಿ. ಅದರ ಮೇಲೆ ನಿಜವಾದ ನಿಬ್ಬು, ಬ್ರಷ್ಷಿನಿಂದ ಇಂಕ್ ಹಾಕಿ. ಕಾಮಿಕ್ಸ್ ವೃತ್ತಿಯಲ್ಲಿ ಪೆನ್ಸಿಲ್ ಮಾಡುವವರು ಒಂದು ದೇಶದಲ್ಲಿ, ಇಂಕ್ ಹಾಕುವವರು ಇನ್ನೊಂದು ದೇಶದಲ್ಲಿ ಇದ್ದಾಗ ಹೀಗೇ ನಡೆಯುತ್ತದೆ. ಮೂಲ ಪೆನ್ಸಿಲ್ ಚಿತ್ರ ಭದ್ರವಾಗಿರುತ್ತದೆ. ಇಂಕ್ ಕೆಟ್ಟರೆ ಇನ್ನೊಂದು ಪ್ರಿಂಟ್ ತೆಗೆದರಾಯಿತು. ಕಾಗದಕ್ಕೂ ಒಂದು ಅನ್‌ಡೂ ಸಿಕ್ಕಂತೆ, ಅಲ್ವಾ? ಅಳಿಸುವ ಕೆಲಸವೂ ಇಲ್ಲ. ಲೇಸರ್ ಪ್ರಿಂಟರ್ ಬೇಡ, ಟೋನರಿನ ಮೇಲೆ ಇಂಕ್ ಸರಿಯಾಗಿ ಕೂರುವುದಿಲ್ಲ. ದಪ್ಪ ಹಾಳೆಯನ್ನು ಹಿಂಬದಿಯಿಂದ ನೇರ ಎಳೆದುಕೊಳ್ಳುವ ಪ್ರಿಂಟರ್ ಆದರೆ ಒಳ್ಳೆಯದು.

ಮುಗಿದ ಮೇಲೆ 600 ಡಿಪಿಐನಲ್ಲಿ ಕಲರ್ ಸ್ಕ್ಯಾನ್ ಮಾಡಿ. ಗ್ರೇಸ್ಕೇಲ್ ಅಲ್ಲ, ಕಲರ್. ಆರ್‌ಜಿಬಿಯ ಕೆಂಪು, ಹಸಿರು, ನೀಲಿ ಚಾನೆಲ್‌ಗಳಲ್ಲಿ ನೀಲಿ ಒಂದನ್ನೇ ಇಟ್ಟುಕೊಂಡರೆ ತಿಳಿನೀಲಿ ಗೆರೆಗಳು ಹೆಚ್ಚುಕಮ್ಮಿ ಬಿಳಿಯಾಗಿ ಮಾಯವಾಗುತ್ತವೆ, ಕಪ್ಪು ಮಾತ್ರ ಉಳಿಯುತ್ತದೆ. ಕೆಂಪು ಪೆನ್ಸಿಲ್ ಬಳಸಿದ್ದರೆ ಕೆಂಪು ಚಾನೆಲ್. ಉಳಿದ ಮಬ್ಬನ್ನು ಲೆವೆಲ್ಸ್‌ನಲ್ಲಿ (ಕಪ್ಪು-ಬಿಳುಪು ಹೊಂದಿಸುವ ಸಾಧನ) ತೆಗೆಯಿರಿ. ಬಿಳಿಯ ಸ್ಲೈಡರನ್ನು ಎಡಕ್ಕೆ ತರುವಾಗ ತೆಳು ಗೆರೆಗಳ ಮೇಲೆ ಕಣ್ಣಿಡಿ, ಮೊದಲು ಸಾಯುವುದು ಅವೇ. ಬಣ್ಣ ಹಾಕುವುದಿದ್ದರೆ ಈ ಲೇಯರನ್ನು ಬಿಳಿ ಭಾಗ ಮರೆಯಾಗುವ ಮಲ್ಟಿಪ್ಲೈ ಮೋಡ್‌ಗೆ ಹಾಕಿ, ಬಣ್ಣವನ್ನು ಕೆಳಗಿನ ಲೇಯರಿನಲ್ಲಿ ಹಚ್ಚಿ.

ಹಾಗಾದರೆ ಯಾವುದು?

ಗಡುವು ಹತ್ತಿರ ಇದೆ, ಗ್ರಾಹಕರು ತಿದ್ದುಪಡಿ ಕೇಳುವುದು ಖಾತ್ರಿ ಅಂದರೆ ಕಣ್ಣು ಮುಚ್ಚಿ ಡಿಜಿಟಲ್. ಪಾತ್ರದ ಮುಖವನ್ನು ಸ್ವಲ್ಪ ಎಡಕ್ಕೆ ಸರಿಸಿ ಅಂದಾಗ ಕಾಗದದ ಮೇಲೆ ಮಾಡಲಿಕ್ಕೆ ಆಗುವ ಕೆಲಸವಲ್ಲ ಅದು. ಒಣ ಬ್ರಷ್ಷಿನ ತರಿ, ಚಿಮ್ಮಿಸಿದ ಇಂಕ್, ಕೈ ಜಾರಿ ತಾನಾಗೇ ಬಂದ ಗೆರೆ ಇವೆಲ್ಲ ಬೇಕಿದ್ದರೆ ಕಾಗದ. ಚೌಕಟ್ಟು ಹಾಕಿ ತೂಗುಹಾಕುವ, ಮಾರುವ ಮೂಲ ಚಿತ್ರ ಸಿಗುವುದೂ ಅಲ್ಲೇ.

ಕಲಿಯುತ್ತಿರುವವರಿಗೆ ಮಾತ್ರ ನಾನು ಕಾಗದವನ್ನೇ ಮೊದಲು ಹೇಳುತ್ತೇನೆ. ಹಳೆಯದರ ಮೇಲಿನ ಪ್ರೀತಿಗಲ್ಲ. ವಾಪಸ್ ತೆಗೆಯಲಾಗದ ಗೆರೆ ಎಳೆಯುವ ಮುಂಚೆ ಕೈ ಒಂದು ಕ್ಷಣ ನಿಲ್ಲುತ್ತದಲ್ಲ, ಯಾವ ಗೆರೆ ಅನ್ನುವ ಯೋಚನೆ ಆಗುವುದು ಆಗಲೇ. ಟ್ಯಾಬ್ಲೆಟ್ ಮಾತ್ರ ಇರುವವರು ಅನ್‌ಡೂ ಶಾರ್ಟ್‌ಕಟ್ಟನ್ನೇ ಕೆಲವು ದಿನ ತೆಗೆದುಹಾಕಿ ಅಭ್ಯಾಸ ಮಾಡಬಹುದು.

ಗೊಂದಲ ಇನ್ನೂ ಇದ್ದರೆ ಒಂದೇ ಪೆನ್ಸಿಲ್ ಚಿತ್ರಕ್ಕೆ ಎರಡೂ ರೀತಿ ಇಂಕ್ ಹಾಕಿ. ಎರಡನ್ನೂ ಒಂದೇ ಅಳತೆಗೆ ಪ್ರಿಂಟ್ ತೆಗೆದು, ತಲೆಕೆಳಗಾಗಿ ಗೋಡೆಗೆ ಅಂಟಿಸಿ, ಕೈ ಅಳತೆಯ ದೂರದಿಂದ ನೋಡಿ. ಏನು ಚಿತ್ರ ಅನ್ನುವುದನ್ನು ಕಣ್ಣು ಮರೆತಾಗ ಗೆರೆಯ ದಪ್ಪ-ತೆಳು, ಕಪ್ಪಿನ ಹಂಚಿಕೆ ಮಾತ್ರ ಕಾಣುತ್ತದೆ. ಯಾವುದರಲ್ಲಿ ಗೆರೆಗಳು ಎಲ್ಲ ಕಡೆ ಒಂದೇ ದಪ್ಪ ಆಗಿಬಿಟ್ಟಿವೆಯೋ, ಆ ಉಪಕರಣದಲ್ಲಿ ನಿಮಗೆ ಇನ್ನಷ್ಟು ಅಭ್ಯಾಸ ಬೇಕು.